ಮೊಸಳೆಗೆ ಸರಪಳಿ ಯಾಕೆ? ನೀಮ್ ನಗರದ ಲಾಂಛನ ಓದುವುದು ಹೀಗೆ

ದಕ್ಷಿಣ ಫ್ರಾನ್ಸ್‌ನ ನೀಮ್ ನಗರದ ಲಾಂಛನದಲ್ಲಿ ತಾಳೆ ಮರಕ್ಕೆ ಕಟ್ಟಿಹಾಕಿದ ಮೊಸಳೆಯೊಂದಿದೆ. ಆ ಸೀಮೆಯ ಯಾವ ಹೊಳೆಯಲ್ಲೂ ಮೊಸಳೆಯಿಲ್ಲ. ಹಾಗಾದರೆ ಇದು ಬಂದಿದ್ದೆಲ್ಲಿಂದ? ಲಾಂಛನದ ಚಿತ್ರವನ್ನು ಮೊಬೈಲ್‌ನಲ್ಲಿ ತೆರೆದಿಟ್ಟುಕೊಳ್ಳಿ, ಒಂದೊಂದಾಗಿ ನೋಡೋಣ.

ಮೊದಲು ಅಕ್ಷರ ಓದಿ. ಮೊಸಳೆ ಆಮೇಲೆ. ಮರದ ಆಚೀಚೆ ‘ಕೋಲ್’, ‘ನೆಮ್’ ಎಂದು ಬರೆದಿದೆ. ‘ಕೊಲೋನಿಯಾ ನೆಮೌಸುಸ್’ ಎಂಬುದನ್ನು ಮೊಟಕು ಮಾಡಿದ್ದಾರೆ. ಕೊಲೋನಿಯಾ ಅಂದರೆ ರೋಮನ್ನರ ವಸಾಹತು. ನೆಮೌಸುಸ್ ಅಲ್ಲಿನ ನೀರಿನ ಒರತೆಯ ದೇವರು. ಊರಿಗೂ ಅದೇ ಹೆಸರು ಬಂತು.

ಹೆಸರನ್ನು ಹೀಗೆ ಮೊಟಕು ಮಾಡುವುದು ಜಾಗ ಸಾಲದ ಕಡೆ, ಅಲ್ವಾ? ಹೌದು, ಇದು ನಾಣ್ಯದ ಬರಹ.

ಈಗ ನೀಮ್‌ನ ರೋಮನ್ ನಾಣ್ಯದ ಚಿತ್ರ ಹುಡುಕಿ ಪಕ್ಕದಲ್ಲಿಡಿ. ಒಂದು ಮುಖದಲ್ಲಿ ಚಕ್ರವರ್ತಿ ಅಗಸ್ಟಸ್ ಮತ್ತು ಅವನ ಸೇನಾಪತಿ ಅಗ್ರಿಪ್ಪ ಬೆನ್ನಿಗೆ ಬೆನ್ನು ಕೊಟ್ಟಿದ್ದಾರೆ. ಇನ್ನೊಂದು ಮುಖದಲ್ಲಿ ಇದೇ ಮೊಸಳೆ, ಇದೇ ಸರಪಳಿ, ಇದೇ ಅಕ್ಷರಗಳು. ಕ್ರಿ.ಪೂ. 31ರಲ್ಲಿ ಗ್ರೀಸ್‌ನ ಆಕ್ಟಿಯಂ ಬಳಿ ಸಮುದ್ರದ ಮೇಲೆ ನಡೆದ ಕಾಳಗದಲ್ಲಿ ಅಗ್ರಿಪ್ಪನ ಹಡಗುಗಳು ಅಗಸ್ಟಸ್‌ನ ಎದುರಾಳಿ ಆಂಟನಿ ಮತ್ತು ಈಜಿಪ್ಟಿನ ರಾಣಿ ಕ್ಲಿಯೋಪಾತ್ರಳನ್ನು ಸೋಲಿಸಿದವು. ಮರುವರ್ಷ ಈಜಿಪ್ಟ್ ರೋಮ್‌ನ ಕೈಸೇರಿತು. ಮೊಸಳೆ ಅಂದರೆ ನೈಲ್ ನದಿಯ ಈಜಿಪ್ಟ್, ಸರಪಳಿ ಅಂದರೆ ಅದರ ಸೋಲು. ಮರಕ್ಕೆ ತೂಗುಬಿಟ್ಟ ಎಲೆಗಳ ಮಾಲೆ ಗೆದ್ದವರದ್ದು. ಚಿಲ್ಲರೆ ಬೇಕಾದಾಗ ಜನ ಈ ನಾಣ್ಯವನ್ನು ಎರಡು ಹೋಳು ಮಾಡುತ್ತಿದ್ದರು. ಆಗ ಒಂದೊಂದು ಹೋಳಿಗೆ ಒಂದೊಂದು ತಲೆ! ಅಂಥ ಹೋಳುಗಳು ಈಗಲೂ ಸಿಗುತ್ತವೆ. ನನಗೆ ಇಡೀ ನಾಣ್ಯಕ್ಕಿಂತ ಅವೇ ಜಾಸ್ತಿ ಇಷ್ಟ.

ನಾಣ್ಯ ಲಾಂಛನವಾಗಿದ್ದು ತುಂಬಾ ತಡವಾಗಿ. 1535ರಲ್ಲಿ ರಾಜ ಒಂದನೇ ಫ್ರಾನ್ಸಿಸ್ ಈ ಚಿತ್ರವನ್ನು ನಗರಕ್ಕೆ ಕೊಟ್ಟ. ಹಳೆಯ ರೋಮ್ ಎಂದರೆ ಜನ ಮರುಳಾಗುತ್ತಿದ್ದ ಕಾಲ ಅದು.

ಕೊನೆಗೆ ಬಣ್ಣ ನೋಡಿ. ಕೆಂಪು ಹಿನ್ನೆಲೆ, ಅದರ ಮೇಲೆ ಹಸಿರು ಮರ, ಹಸಿರು ಮೊಸಳೆ. ಸರಪಳಿ, ಅಕ್ಷರ ಮಾತ್ರ ಬಂಗಾರದವು. ಯುರೋಪಿನ ಲಾಂಛನಗಳಲ್ಲಿ ಗಾಢ ಬಣ್ಣದ ಮೇಲೆ ಗಾಢ ಬಣ್ಣ ಇಡಬಾರದು, ದೂರದಿಂದ ಕಾಣುವುದಿಲ್ಲ ಎಂಬ ನಿಯಮವಿದೆ. ನೀಮ್ ಅದನ್ನು ಮೀರಿದೆ. ಹಾಗಾಗಿ ಈ ಲಾಂಛನವನ್ನು ಹತ್ತಿರದಿಂದಲೇ ನೋಡಬೇಕು.

ನೀಮ್‌ಗೆ ಹೋದರೆ ಕಾಲಡಿಯೂ ಕಣ್ಣಿಡಿ. ಬೀದಿಗೆ ಹೊಡೆದ ಲೋಹದ ಗುಂಡು ಬಿಲ್ಲೆಗಳಲ್ಲೂ ಅದೇ ಮೊಸಳೆ, ಅದೇ ಮರ ಸಿಗುತ್ತವೆ.