ಕುಲಪತಿಗಳಿಗೆ ವಿಕಿಪೀಡಿಯ ಪುಟ: ಅರ್ಹತೆಯನ್ನು ನಿರ್ಧರಿಸುವುದು ಹೇಗೆ?

ಊರಿನವರೊಬ್ಬರು ಕುಲಪತಿಗಳಾದ ಸುದ್ದಿ ಬಂದ ಕೂಡಲೇ ಅವರ ಹೆಸರಿನಲ್ಲಿ ವಿಕಿಪೀಡಿಯ ಪುಟ ತೆರೆಯಲು ಮುಂದಾಗುವ ಶಿಷ್ಯರೂ ಅಭಿಮಾನಿಗಳೂ ನಮ್ಮಲ್ಲಿ ಕಡಿಮೆಯಿಲ್ಲ. ಆ ಪುಟ ಉಳಿಯುವುದೋ ಅಳಿಸಲ್ಪಡುವುದೋ ಎಂಬುದು ಅಭಿಮಾನವನ್ನಲ್ಲ, ಗಮನಾರ್ಹತೆಯ, ಅಂದರೆ ಪುಟ ಪಡೆಯುವ ಅರ್ಹತೆಯ, ನಿಯಮಗಳನ್ನು ಅವಲಂಬಿಸಿದೆ. ಇಂಗ್ಲಿಷ್ ವಿಕಿಪೀಡಿಯದಲ್ಲಿ ವಿದ್ವಾಂಸರಿಗೆಂದೇ ಎಂಟು ಮಾನದಂಡಗಳಿದ್ದು, ಅವುಗಳಲ್ಲಿ ಒಂದು ಈಡೇರಿದರೂ ಸಾಕು. ಪ್ರತಿ ಭಾಷೆಯ ವಿಕಿಪೀಡಿಯವೂ ತನ್ನ ನಿಯಮಗಳನ್ನು ತಾನೇ ರೂಪಿಸಿಕೊಳ್ಳುವುದರಿಂದ, ಕನ್ನಡದಲ್ಲಿ ಬರೆಯುವವರು ಸಂದೇಹ ಬಂದಲ್ಲಿ ಅಲ್ಲಿನ ಚರ್ಚಾ ವೇದಿಕೆಯಾದ ಅರಳಿ ಕಟ್ಟೆಯಲ್ಲಿ ಮೊದಲೇ ವಿಚಾರಿಸುವುದು ಲೇಸು.

ಮೊದಲಿಗೆ ಹುದ್ದೆಯನ್ನು ಪರಿಶೀಲಿಸಬೇಕು. ಪ್ರಮುಖ ವಿದ್ಯಾಸಂಸ್ಥೆಯ ಅಥವಾ ವಿದ್ವತ್ ಸಂಘದ ಅತ್ಯುನ್ನತ ಆಡಳಿತ ಹುದ್ದೆಯಲ್ಲಿ ಇದ್ದವರಿಗೆ ಆರನೆಯ ಮಾನದಂಡ ಅನ್ವಯಿಸುತ್ತದೆ. ಆದರೆ ಅತ್ಯುನ್ನತ ಹುದ್ದೆ ಯಾವುದೆಂಬುದು ದೇಶದಿಂದ ದೇಶಕ್ಕೆ ಬದಲಾಗುತ್ತದೆ. ಕರ್ನಾಟಕದ ರಾಜ್ಯ ವಿಶ್ವವಿದ್ಯಾಲಯಗಳಲ್ಲಿ ರಾಜ್ಯಪಾಲರು ಪದನಿಮಿತ್ತ ಕುಲಾಧಿಪತಿಗಳು. ವಿದ್ಯಾಸಂಸ್ಥೆಯನ್ನು ನಿಜವಾಗಿ ನಡೆಸುವವರು ಕುಲಪತಿಗಳು. ಅಮೆರಿಕದಲ್ಲಾದರೆ ಹೆಚ್ಚಿನ ಕಡೆ ಆ ಸ್ಥಾನ ಅಧ್ಯಕ್ಷರದು. ಕುಲಸಚಿವರು, ನಿಕಾಯದ ಡೀನ್, ವಿಭಾಗದ ಮುಖ್ಯಸ್ಥರು ಇವರೆಲ್ಲರ ಜವಾಬ್ದಾರಿ ಎಷ್ಟೇ ದೊಡ್ಡದಾಗಿದ್ದರೂ ಆ ಹುದ್ದೆಯ ಬಲದಿಂದಲೇ ಪುಟಕ್ಕೆ ಅರ್ಹರಾಗುವುದಿಲ್ಲ. ಮುಂದಿನ ನೇಮಕದವರೆಗೆ ಕೆಲವು ವಾರ ಕಡತಗಳಿಗೆ ಸಹಿ ಹಾಕಿದ ಪ್ರಭಾರ ಕುಲಪತಿಗಳ ವಿಷಯದಲ್ಲಿಯೂ ಇದೇ ಎಚ್ಚರ ಇರಲಿ.

ಹುದ್ದೆ ಸಾಲದೆ ಹೋದರೆ ವಿದ್ವತ್ತಿನ ಕಡೆಗೆ ನೋಡಬೇಕು. ರಾಷ್ಟ್ರಮಟ್ಟದ ಪ್ರತಿಷ್ಠಿತ ಪ್ರಶಸ್ತಿ, ಭಾರತೀಯ ರಾಷ್ಟ್ರೀಯ ವಿಜ್ಞಾನ ಅಕಾಡೆಮಿಯಂತಹ ಸಂಸ್ಥೆಯ ಫೆಲೋ ಸ್ಥಾನ, ತಮ್ಮ ಕ್ಷೇತ್ರದ ಮೇಲೆ ಗಾಢ ಪ್ರಭಾವ ಬೀರಿದ ಸಂಶೋಧನೆ ಇವೆಲ್ಲ ಪ್ರತ್ಯೇಕ ಮಾನದಂಡಗಳೇ. ಸಂಶೋಧನೆಯನ್ನು ಅಳೆಯುವಾಗ ವಿದ್ವತ್ ಬರಹಗಳ ಹುಡುಕುತಾಣವಾದ ಗೂಗಲ್ ಸ್ಕಾಲರ್ ತೋರಿಸುವ ಉಲ್ಲೇಖಗಳ ಸಂಖ್ಯೆಯನ್ನೇ ನೆಚ್ಚಿಕೊಂಡರೆ ಕನ್ನಡದ ವಿದ್ವಾಂಸರಿಗೆ ಅನ್ಯಾಯವಾಗುತ್ತದೆ. ಶಾಸನ, ಜಾನಪದ, ಹಳಗನ್ನಡ ಕಾವ್ಯಗಳ ಬಗ್ಗೆ ಕನ್ನಡದಲ್ಲಿಯೇ ನಡೆದ ಕೆಲಸದ ಬಹುಪಾಲು ಅಂತಹ ಎಣಿಕೆಗಳ ಕಣ್ಣಿಗೆ ಬೀಳುವುದೇ ಇಲ್ಲ. ಅಲ್ಲಿ ಪುಸ್ತಕ ವಿಮರ್ಶೆಗಳನ್ನೂ ಆ ವಿದ್ವಾಂಸರ ವಾದವನ್ನು ಒಪ್ಪಿಯೋ ಖಂಡಿಸಿಯೋ ಬೇರೆ ವಿದ್ವಾಂಸರು ಬರೆದುದನ್ನೂ ಗ್ರಂಥಾಲಯದಲ್ಲಿ ಕುಳಿತು ಹುಡುಕಬೇಕಾಗುತ್ತದೆ.

ಅನಂತರದ್ದು ಆಧಾರಗಳ ಪರೀಕ್ಷೆ. ಬಹುತೇಕ ಪುಟಗಳು ಸೋಲುವುದು ಇಲ್ಲಿಯೇ ಎಂಬುದು ನನ್ನ ಅಭಿಪ್ರಾಯ. ನೇಮಕದ ದಿನ ಮೂರು ಪತ್ರಿಕೆಗಳಲ್ಲಿ ಬಂದ ಸುದ್ದಿಗಳನ್ನು ಪಕ್ಕಪಕ್ಕದಲ್ಲಿಟ್ಟು ಓದಿ. ಅದೇ ಭಾವಚಿತ್ರ, ಪದವಿಗಳ ಅದೇ ಅನುಕ್ರಮ, 'ಅಪಾರ ಅನುಭವ ಹೊಂದಿರುವ' ಎಂಬ ಅದೇ ವಾಕ್ಯ ಕಂಡರೆ ಮೂರಕ್ಕೂ ಮೂಲ ಒಂದೇ ಪತ್ರಿಕಾ ಪ್ರಕಟಣೆ. ಅದನ್ನು ಮೂರು ಸ್ವತಂತ್ರ ಆಧಾರಗಳೆಂದು ಎಣಿಸಲಾಗದು. ಅಭಿನಂದನ ಗ್ರಂಥಗಳ ವಿಷಯದಲ್ಲಿಯೂ ವಿವೇಚನೆ ಬೇಕು. ಅವುಗಳಲ್ಲಿ ಒಳ್ಳೆಯ ಸಂಶೋಧನಾ ಲೇಖನಗಳಿರುವುದುಂಟು, ಆದರೆ ಸನ್ಮಾನಿತರ ಕುರಿತು ಶಿಷ್ಯರೂ ಬಂಧುಗಳೂ ಬರೆದ ಭಾಗವನ್ನು ತಟಸ್ಥ ಸಾಕ್ಷ್ಯವೆಂದು ಒಪ್ಪುವುದು ಕಷ್ಟ. ವಿಶ್ವವಿದ್ಯಾಲಯದ ಜಾಲತಾಣವನ್ನು ಅಧಿಕಾರಾವಧಿ, ಪದವಿ ಮುಂತಾದ ವಿವಾದವಿಲ್ಲದ ವಿವರಗಳಿಗೆ ಬಳಸಬಹುದು. ಅಲ್ಲಿನ ಹೊಗಳಿಕೆಯನ್ನು ಬಳಸಬಾರದು.

ಹುದ್ದೆ ಬಾಗಿಲು ತೆರೆದರೂ ಲೇಖನಕ್ಕೆ ಜೀವ ಬರುವುದು ಆ ಹುದ್ದೆಯಲ್ಲಿ ಕುಳಿತು ಮಾಡಿದ ಕೆಲಸದಿಂದ. ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಗಳಾಗಿದ್ದ ಎಚ್. ನರಸಿಂಹಯ್ಯನವರು 1976ರಲ್ಲಿ ಪವಾಡಗಳನ್ನೂ ಮೂಢನಂಬಿಕೆಗಳನ್ನೂ ಪರಿಶೀಲಿಸಲು ಸಮಿತಿಯೊಂದನ್ನು ರಚಿಸಿದರು. ಅದರ ಪರವಾಗಿಯೂ ವಿರುದ್ಧವಾಗಿಯೂ ಬೇರೆಯವರು ಬರೆದದ್ದಿದೆ. ಅಂತಹ ಬರವಣಿಗೆಯೇ ಲೇಖಕನಿಗೆ ಬೇಕಾದ ಸಾಮಗ್ರಿ.

ನಿರ್ಣಯ ತಪ್ಪುವುದೂ ಉಂಟು. ಕೆನಡಾದ ಭೌತವಿಜ್ಞಾನಿ ಡೊನ್ನಾ ಸ್ಟ್ರಿಕ್‌ಲ್ಯಾಂಡ್ ಅವರ ಕುರಿತ ಕರಡು ಲೇಖನವೊಂದನ್ನು, ಅದರಲ್ಲಿರುವ ಉಲ್ಲೇಖಗಳು ಗಮನಾರ್ಹತೆಯನ್ನು ತೋರಿಸುವುದಿಲ್ಲವೆಂಬ ಕಾರಣಕ್ಕೆ 2018ರ ಮೇ ತಿಂಗಳಲ್ಲಿ ತಿರಸ್ಕರಿಸಲಾಯಿತು. ಅದೇ ವರ್ಷದ ಅಕ್ಟೋಬರ್ 2ರಂದು ಅವರಿಗೆ ನೊಬೆಲ್ ಪ್ರಶಸ್ತಿ ಘೋಷಣೆಯಾದಾಗ ಟೀಕೆಗಳ ಸುರಿಮಳೆಯಾಯಿತು. ವಾಸ್ತವವಾಗಿ ನೊಬೆಲ್‌ವರೆಗೆ ಕಾಯುವ ಅಗತ್ಯವೇ ಇರಲಿಲ್ಲ: ಅವರು 2013ರಲ್ಲಿಯೇ ಅಮೆರಿಕದ ಆಪ್ಟಿಕಲ್ ಸೊಸೈಟಿಯ ಅಧ್ಯಕ್ಷೆಯಾಗಿದ್ದರು, ಮತ್ತು ಪ್ರಮುಖ ವಿದ್ವತ್ ಸಂಘದ ಅಧ್ಯಕ್ಷ ಸ್ಥಾನವೂ ಆರನೆಯ ಮಾನದಂಡದೊಳಗೇ ಬರುತ್ತದೆ. ಆದ್ದರಿಂದ ಪರಿಶೀಲಿಸುವವರು ಕರಡಿನಲ್ಲಿ ಇರುವುದನ್ನಷ್ಟೇ ಓದಿ ಬಿಡದೆ, ಇರಬೇಕಾಗಿದ್ದುದನ್ನೂ ಒಮ್ಮೆ ಹುಡುಕುವುದು ನ್ಯಾಯ. ಬರೆಯುವವರು ಅರ್ಹತೆಯ ಸಂಗತಿಯನ್ನು ಮೊದಲ ಪ್ಯಾರಾದಲ್ಲಿಯೇ, ಆಧಾರಸಹಿತ ಹೇಳುವುದು ಜಾಣತನ.

ಬರೆಯಲು ತೀರ್ಮಾನಿಸಿದರೆ ಮೊದಲು ವಿಕಿಪೀಡಿಯದಲ್ಲಿ ಬರೆದು ನೋಡಲೆಂದೇ ಇರುವ ಪ್ರಯೋಗಪುಟದಲ್ಲಿ ಕರಡು ಸಿದ್ಧಪಡಿಸಿ. ನೀವು ಅವರ ವಿದ್ಯಾರ್ಥಿಯೋ ಸಹೋದ್ಯೋಗಿಯೋ ಕಚೇರಿಯ ಸಿಬ್ಬಂದಿಯೋ ಆಗಿದ್ದರೆ ಆ ಸಂಬಂಧವನ್ನು ಚರ್ಚೆ ಪುಟದಲ್ಲಿ ತಿಳಿಸಿ, ಸಾಧ್ಯವಾದರೆ ಬೇರೊಬ್ಬ ಸಂಪಾದಕರಿಂದ ಪರಿಶೀಲನೆ ಮಾಡಿಸಿ. ಸಂಬಳ ಪಡೆದು ಬರೆಯುತ್ತಿದ್ದರೆ ಅದನ್ನು ಬಹಿರಂಗಪಡಿಸುವುದು ಕಡ್ಡಾಯ. ಆಧಾರಗಳು ಸಾಲವೆಂದು ಕಂಡರೆ, ವಿಶ್ವವಿದ್ಯಾಲಯದ ಪುಟದಲ್ಲಿರುವ ಕುಲಪತಿಗಳ ಪಟ್ಟಿಯಲ್ಲಿ ಅವರ ಹೆಸರನ್ನೂ ಅಧಿಕಾರಾವಧಿಯನ್ನೂ ಸೇರಿಸಿ, ಹೊಸ ಸಾಮಗ್ರಿ ದೊರೆತ ಮೇಲೆ ಅದೇ ಕರಡನ್ನು ಮುಂದುವರಿಸಬಹುದು.