ಬಿಸಿಲು ಸಾಲದೆ ಕುಂಟಿದ ಅಲ್ಪಾಕಾ ಮರಿ

ಹಾಸನದ ಕಡೆ ಎಮ್ಮೆ ಮೇಯಿಸಿ ಬೆಳೆದವನು ನಾನು, ಈಗ ಆಸ್ಟ್ರೇಲಿಯಾದ ವಿಕ್ಟೋರಿಯಾದಲ್ಲಿ ಮನೆಮಂದಿ ಸೇರ್ಕೊಂಡು ಎಂಟು ಅಲ್ಪಾಕಾ (ಒಂಟೆ ಜಾತಿಯ, ಉಣ್ಣೆ ಕೊಡೋ ಪ್ರಾಣಿ) ಸಾಕ್ತಿದೀವಿ. ಹೋದ ಆಗಸ್ಟಲ್ಲಿ, ಅಂದ್ರೆ ಇಲ್ಲಿ ಚಳಿಗಾಲದ ಕೊನೆ, ಏಪ್ರಿಲಲ್ಲಿ ಹುಟ್ಟಿದ ಕರಿ ಮರಿ ಬೆನ್ನು ಗೂನು ಮಾಡ್ಕೊಂಡು ನಿಲ್ಲೋದು, ಕುಂಟೋದು ಶುರು ಮಾಡ್ತು. ಮುಳ್ಳು ಚುಚ್ಚಿರ್ಬೇಕು ಅಂತ ಕಾಲು ನೋಡಿದ್ರೆ (ಇವಕ್ಕೆ ಗೊರಸಿಲ್ಲ, ಮೆತ್ತನೆ ಪಾದ, ಎರಡು ಉಗುರು ಅಷ್ಟೇ) ಏನೂ ಇಲ್ಲ. ಆಮೇಲೆ ಜಂತುಹುಳದ ಔಷಧಿ ಹಾಕಿ ಎರಡು ವಾರ ಸುಮ್ನೆ ವೇಸ್ಟ್ ಮಾಡ್ದೆ.

ಕೊನೆಗೆ ವೆಟ್ (ಪಶುವೈದ್ಯರು) ಬಂದು ರಕ್ತ ಟೆಸ್ಟ್ ಮಾಡಿಸಿದ್ರೆ ವಿಟಮಿನ್ ಡಿ ಕಮ್ಮಿ, ಫಾಸ್ಫರಸ್ಸೂ ಕಮ್ಮಿ, ಅಂದ್ರೆ ರಿಕೆಟ್ಸ್, ಮೂಳೆ ಮೆತ್ತಗಾಗೋ ಕಾಯಿಲೆ! ಚರ್ಮಕ್ಕೆ ಬಿಸಿಲು ಬಿದ್ರೇನೇ ಮೈಯಲ್ಲಿ ವಿಟಮಿನ್ ಡಿ ಆಗೋದು. ಇವು ದಕ್ಷಿಣ ಅಮೆರಿಕಾದ ಆಂಡೀಸ್ ಬೆಟ್ಟಗಳಲ್ಲಿ 4000 ಮೀಟರ್ ಎತ್ತರದ ಖಡಕ್ ಬಿಸಿಲಿಗೆ ಒಗ್ಗಿದ ಪ್ರಾಣಿ, ಇಲ್ಲಿ ನೋಡಿದ್ರೆ ತಿಂಗಳುಗಟ್ಲೆ ಮೋಡ, ಮೈತುಂಬ ದಪ್ಪ ಉಣ್ಣೆ, ಅದ್ರಲ್ಲೂ ಕಪ್ಪು ಬಣ್ಣದವಕ್ಕೆ ಚರ್ಮದ ತನಕ ಬಿಸಿಲು ಇನ್ನೂ ಕಮ್ಮಿ ಹೋಗೋದು.

ವಿಟಮಿನ್ ಇಂಜೆಕ್ಷನ್ ಕೊಡಿಸಿದ್ವಿ, ನಿಧಾನಕ್ಕೆ ನೆಟ್ಟಗಾಯ್ತು. ಈಗ ಚಳಿಗಾಲ ಪೂರ್ತಿ 6-8 ವಾರಕ್ಕೊಂದು ಸಲ, ತೂಕ ನೋಡಿ ವೆಟ್ ಹೇಳಿದಷ್ಟೇ, ಜಾಸ್ತಿ ಆದ್ರೆ ಅದೇ ವಿಷ. ಗರ್ಭ ಸುಮಾರು ಹನ್ನೊಂದೂವರೆ ತಿಂಗಳು, ಲೆಕ್ಕ ಹಾಕಿ, ಮರಿಗೆ ಮುಂದೆ ಬೇಸಿಗೆ ಬಿಸಿಲು ಸಿಗ್ಲಿ ಅಂತ, ಅಕ್ಟೋಬರ್-ನವೆಂಬರಲ್ಲೇ ಮರಿ ಹಾಕೋ ಹಾಗೆ ಗಂಡು ಬಿಡ್ತೀವಿ. ಅಮ್ಮಂಗೆ ಫೋನಲ್ಲಿ ಹೇಳಿದ್ರೆ, 'ಬಿಸಿಲಿಗೂ ಸೂಜಿನಾ!' ಅಂತ ನಕ್ಕಿದ್ದೇ ನಕ್ಕಿದ್ದು.