ಖಾಲಿ ಗಾಡಿಯ ತೂಕ

ಮಂಡ್ಯ ಜಿಲ್ಲೆಯ ಸಕ್ಕರೆ ಕಾರ್ಖಾನೆಯೊಂದಕ್ಕೆ ಆಂತರಿಕ ಲೆಕ್ಕಪರಿಶೋಧಕನಾಗಿ ಸೇರಿದ ಮೊದಲ ಹಂಗಾಮಿನಲ್ಲಿ, ಕಬ್ಬು ಖರೀದಿಯ ಲೆಕ್ಕ ನೋಡಲು ಎರಡು ವಾರ ಕಚೇರಿಯಲ್ಲೇ ಕುಳಿತಿದ್ದೆ. ಕಟಾವು ಆದೇಶ, ತೂಕದ ಚೀಟಿ, ರೈತರ ಖಾತೆಗೆ ಹೋದ ಹಣ ಮೂರೂ ತಾಳೆಯಾದವು. ಆದರೆ ಒಂದು ಟ್ರ್ಯಾಕ್ಟರಿನ ಖಾಲಿ ತೂಕ ಇಡೀ ತಿಂಗಳು ಒಂದು ಕಿಲೋ ಕೂಡ ಬದಲಾಗಿರಲಿಲ್ಲ. ಡೀಸೆಲ್ ಏರಿಳಿದು, ಚಕ್ರಕ್ಕೆ ಕೆಸರು ಮೆತ್ತುವ ಗಾಡಿಗೆ ಅದು ಸಾಧ್ಯವೇ ಇಲ್ಲ.

ಅಂದು ರಾತ್ರಿ ವೇಬ್ರಿಡ್ಜ್ ಬಳಿ ಹೋಗಿ ನಿಂತೆ. ತುಂಬಿದ ಗಾಡಿಯನ್ನು ತೂಗುತ್ತಿದ್ದರು. ಕಬ್ಬು ಇಳಿಸಿದ ಮೇಲೆ ಮತ್ತೆ ತೂಗದೆ, ಹಂಗಾಮಿನ ಆರಂಭದಲ್ಲಿ ಕಂಪ್ಯೂಟರಿಗೆ ಹಾಕಿಟ್ಟಿದ್ದ ಖಾಲಿ ತೂಕವನ್ನೇ ಕಳೆಯುತ್ತಿದ್ದರು. ಮರುದಿನ 20 ಗಾಡಿಗಳನ್ನು ಖಾಲಿಯಾಗಿ ತೂಗಿಸಿದೆ. ಕೆಲವು ದಾಖಲೆಗಿಂತ ಭಾರವಿದ್ದವು, ಅಲ್ಲಿ ಕಾರ್ಖಾನೆ ಬಾರದ ಕಬ್ಬಿಗೆ ಹಣ ಕೊಟ್ಟಿತ್ತು. ಕೆಲವು ಹಗುರವಿದ್ದವು, ಅಲ್ಲಿ ನಾಲೆಯ ನೀರಿಗೆ ಕಾದು ಬೆಳೆದವನ ಕಬ್ಬು ಲೆಕ್ಕಕ್ಕೇ ಬಂದಿರಲಿಲ್ಲ. ಈ ಎರಡನೆಯದು ನನ್ನನ್ನು ಬಹಳ ನೋಯಿಸಿತು.

"ಇರೋದು ಒಂದೇ ವೇಬ್ರಿಡ್ಜು ಸಾರ್, ಖಾಲಿ ಗಾಡೀನೂ ತೂಗಕ್ಕೆ ಹೋದ್ರೆ ಸಾಲು ರಸ್ತೆ ಗಂಟ ಬತ್ತದೆ" ಎಂದರು ತೂಕದ ಗುಮಾಸ್ತರು. ಅವರ ಮಾತು ನಿಜವಾಗಿತ್ತು. ಕಡಿದ ಕಬ್ಬು ಕಾದಷ್ಟೂ ಒಣಗಿ ತೂಕ ಕಳೆದುಕೊಳ್ಳುತ್ತದೆ. ಹಾಗಾಗಿ ಗುಮಾಸ್ತರ ಮೇಲೆ ತಪ್ಪು ಹೊರಿಸಿ ಮುಗಿಸದೆ, ಇನ್ನೊಂದು ವೇಬ್ರಿಡ್ಜ್ ಹಾಕಿಸಬೇಕೆಂದೂ, ಕಡಿಮೆ ಬಿದ್ದ ರೈತರಿಗೆ ವ್ಯತ್ಯಾಸದ ಹಣ ಕೊಡಬೇಕೆಂದೂ ಬರೆದೆ.

ಖರೀದಿ ವಿಭಾಗದ ಮುಖ್ಯಸ್ಥರು ವರದಿಯ ಭಾಷೆಯನ್ನು ಮೃದುಗೊಳಿಸಲು ಕೇಳಿದರು. ನಾನು ಅವರ ಉತ್ತರವನ್ನು ವರದಿಯಲ್ಲೇ ಸೇರಿಸಿದೆ, ನನ್ನ ಮಾತನ್ನು ಬದಲಿಸಲಿಲ್ಲ. ನನ್ನ ವರದಿ ಆಡಳಿತ ಮಂಡಳಿಯ ಲೆಕ್ಕಪರಿಶೋಧನಾ ಸಮಿತಿಗೆ ನೇರವಾಗಿ ಹೋಗುತ್ತಿದ್ದುದರಿಂದ ಅದು ಸಾಧ್ಯವಾಯಿತು. ಖರೀದಿ ಮುಖ್ಯಸ್ಥರ ಕೈಕೆಳಗಿನ ನೌಕರನಾಗಿದ್ದರೆ ಅಷ್ಟು ಗಟ್ಟಿಯಾಗಿ ನಿಲ್ಲುತ್ತಿದ್ದೆನೆಂದು ಹೇಳಲಾರೆ. 2013ರ ಕಂಪನಿ ಕಾಯ್ದೆಯ 138ನೇ ಸೆಕ್ಷನ್ ನಿಗದಿತ ವರ್ಗದ ಕಂಪನಿಗಳಿಗೆ ಆಂತರಿಕ ಲೆಕ್ಕಪರಿಶೋಧಕರನ್ನು ಕಡ್ಡಾಯಗೊಳಿಸಿದೆ. ಶಾಸನಬದ್ಧ ಲೆಕ್ಕಪರಿಶೋಧಕರೇ ಆ ಕೆಲಸವನ್ನೂ ಮಾಡುವುದನ್ನು 144ನೇ ಸೆಕ್ಷನ್ ನಿಷೇಧಿಸುತ್ತದೆ. ಅವರು ವರ್ಷದ ಹಣಕಾಸು ಪಟ್ಟಿಯ ಬಗ್ಗೆ ಅಭಿಪ್ರಾಯ ಕೊಡುವವರು. ಆ ಪಟ್ಟಿಗೆ ಸೇರುವ ಅಂಕಿ ಹುಟ್ಟುವ ಜಾಗದಲ್ಲಿ ವರ್ಷವಿಡೀ ನಿಲ್ಲಬೇಕಾದವರು ನಾವು.

ಮುಂದಿನ ಹಂಗಾಮಿಗೆ ಖಾಲಿ ಗಾಡಿಗೆಂದೇ ಇನ್ನೊಂದು ವೇಬ್ರಿಡ್ಜ್ ಬಂತು. ಈಗಲೂ ಹಂಗಾಮಿನಲ್ಲಿ ತಿಂಗಳಿಗೊಂದು ರಾತ್ರಿ ಹೇಳದೆ ಹೋಗಿ, ಯಂತ್ರದಿಂದ ನೇರವಾಗಿ ಬಾರದೆ ಕೈಯಿಂದ ನಮೂದಿಸಿದ ತೂಕಗಳ ಪಟ್ಟಿ ತೆಗೆಸಿ ನೋಡುತ್ತೇನೆ. ಕಳೆದ ಬಾರಿ ಅಂಥವು ಮೂರಿದ್ದವು. ಮೂರರ ಮುಂದೆಯೂ ಕಾರಣ ಬರೆದು ಸಹಿ ಹಾಕಿದ್ದರು.